ತುರ್ವಿಹಾಳದ ಇಂಗ್ಲಿಷ್ ಹಳ್ಳಿಮನೆ

ಮಕ್ಕಳೇ, ನಿಮ್ಮ ಮುತ್ಯಾನ ತಮ್ಮ ಇಂಗ್ಲೆಂಡ್ ನೋಡಿದವನಲ್ಲ. ವಿಮಾನ ಹಾಗಿರಲಿ, ರೈಲು ಹತ್ತಿದ್ದೇ ಒಂದು ಸಲ. ಆದರೂ ತುರ್ವಿಹಾಳದ ಭತ್ತದ ಗದ್ದೆಯ ಅಂಚಿಗೆ ಇಂಗ್ಲೆಂಡಿನ ಹಳ್ಳಿಮನೆಯೊಂದನ್ನು ತಂದು ನಿಲ್ಲಿಸಿದ್ದಾನೆ!

ಈ ನನ್ನ ಮೈದುನ ಹಟ್ಟಿ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವನು. ಹಿಂದೆ ಯಾರೋ ಇಂಗ್ಲಿಷ್ ಸಾಹೇಬ ತನ್ನೂರಿನ ನೆನಪಿಗೆ ಕಟ್ಟಿಸಿಕೊಂಡಿದ್ದ ಪುಟ್ಟ ಮನೆಯೊಂದು ಅಲ್ಲಿತ್ತು. ಅದರ ಗೋಡೆ ಬಿರುಕು ಬಿಟ್ಟಾಗಲೆಲ್ಲ ಇವನನ್ನೇ ಕರೆಯುತ್ತಿದ್ದರು. ಬಿರುಕು ಮುಚ್ಚುತ್ತಾ ಮುಚ್ಚುತ್ತಾ ಆ ಮನೆ ಇವನ ತಲೆಯೊಳಗೇ ಹೊಕ್ಕಿತು. ಕೆಲಸದಿಂದ ನಿವೃತ್ತನಾದವನೇ, "ಅತ್ತಿಗಿ, ನಾನೂ ಅಂಥಾದ್ದ ಒಂದು ಕಟ್ತೀನಿ" ಎಂದ.

"ಸಾಹೇಬರ ಬಂಗಲೆ ನಮಗ್ಯಾಕಪಾ?"

"ಬಂಗಲೆ ಅಲ್ಲರೀ. ಅವರ ದೇಶದಾಗ ಕೂಲಿ ಮಾಡೋರು ಕಟ್ಟಿಗೊಂಡಿದ್ದ ಮನಿ. ಹೊಲದಾಗ ಸಿಕ್ಕ ಕಲ್ಲು, ಮಣ್ಣು, ಹುಲ್ಲು. ನಮ್ಮಂಥೋರದ!"

ಮೊಳ ದಪ್ಪದ ಕಲ್ಲಿನ ಗೋಡೆ ಎದ್ದಿತು. ಮೊರದಗಲ ಕಿಟಕಿಗಳು ಬಂದವು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಜಗಳ ಶುರುವಾದದ್ದು ಮನೆ ಮೇಲಿನ ಮಾಡಿನಿಂದ. ನಮ್ಮ ಕಡೆ ಮಾಳಿಗೆ ಚಪ್ಪಟೆ. ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಒಣಗುವುದು ಅಲ್ಲೇ. ಇವನ ಮಾಡೋ, ಜಾರುಬಂಡೆ!

ನನ್ನ ನೆಗೆಣ್ಣಿ, ಅಂದರೆ ಅವನ ಹೆಂಡತಿ, ಗಂಡನ ಮೇಲೆ ಸಿಟ್ಟು ಬಂದರೆ ಅವನ ಜೊತೆ ಮಾತಾಡುವುದಿಲ್ಲ. ನನ್ನ ಮೂಲಕ ಮಾತಾಡುತ್ತಾಳೆ. ಅವನು ಎದುರಿಗೇ ನಿಂತಿದ್ದರೂ ಹಾಗೆಯೇ.

"ಅಕ್ಕಾ, ಕೇಳ್ರಿ ನಿಮ್ಮ ಮೈದುನಗ. ಮಾಡು ಹಿಂಗ್ಯಾಕ ಇಳಿಬಿದ್ದೈತಿ?"

"ಹಿಮ ಜಾರಿ ಬೀಳಾಕ, ಅತ್ತಿಗಿ."

"ತುರ್ವಿಹಾಳದಾಗ ಹಿಮ ಎಲ್ಲಿ ಬಿದ್ದೈತಂತ ಕೇಳ್ರಿ!"

"ಬಿದ್ದರ? ನಾವು ತಯಾರಿರಬೇಕಲ್ಲ!"

"ಹಿಮ ಜಾರಲಿ, ನನ್ನ ಮೆಣಸಿನಕಾಯಿನೂ ಜಾರ್ತಾವಲ್ಲ! ಒಂದೊಂದಕ್ಕ ಮೊಳಿ ಹೊಡೀಲೇನು? ಮಾಳಿಗಿ ಇಲ್ಲದ ಮನಿಗೆ ನಾ ಕಾಲಿಡಂಗಿಲ್ಲ. ಹೇಳಿಬಿಡ್ರಿ."

ಅವಳು ಆಡಿದ ಮಾತು ತಪ್ಪುವವಳಲ್ಲ. ಮೈದುನನ ಮುಖ ಸಣ್ಣದಾಯಿತು. ಕೆಲಸ ಮಾತ್ರ ನಿಲ್ಲಲಿಲ್ಲ.

ಮಾಡಿಗೆ ಹುಲ್ಲು ಹೊದಿಸಿದ. ಇಂಗ್ಲೆಂಡಿನಲ್ಲಿ ಗೋಧಿಹುಲ್ಲು ಹೊದಿಸುತ್ತಾರಂತೆ. ಕಾಲುವೆ ನೀರಿನ ನಮ್ಮೂರಲ್ಲಿ ಸಿಗುವುದು ನೆಲ್ಲುಹುಲ್ಲು. ಅದನ್ನೇ ದಪ್ಪಗೆ ಹೊದಿಸಿ, ಸಾಹೇಬರ ಮನೆಯಂತೆಯೇ ಸೂರನ್ನು ಎದೆಮಟ್ಟಕ್ಕೆ ಇಳಿಸಿದ. ನೋಡಲು ಬಹಳ ಚೆಂದ ಇತ್ತು. ನಮಗಿಂತ ಹೆಚ್ಚು ಮೆಚ್ಚಿದ್ದು ಊರ ಎಮ್ಮೆಗಳು! ಮೂರನೇ ದಿನ ಬೆಳಗ್ಗೆ ಹೋಗಿ ನೋಡಿದರೆ ಮನೆಯ ಬಲಗಡೆ ಅರ್ಧ ಸೂರು ಮಾಯ. ಎಮ್ಮೆಯೊಂದು ಕಣ್ಣು ಮುಚ್ಚಿಕೊಂಡು ಮೆಲುಕು ಹಾಕುತ್ತಿತ್ತು.

"ಅಕ್ಕಾ, ಮನಿ ಕಟ್ಯಾನೋ, ಮೇವು ಒಟ್ಯಾನೋ ಕೇಳ್ರಿ" ಎಂದಳು ನೆಗೆಣ್ಣಿ. ನಾನು ಕೇಳಲಿಲ್ಲ. ನಗು ತಡೆಯುವುದೇ ಕಷ್ಟವಾಗಿತ್ತು.

ಅವನು ಹೊಸ ಹುಲ್ಲು ಹೊದಿಸಿ, ಸುತ್ತ ಜಾಲಿಮುಳ್ಳು ಬಡಿದ. ಹೊಸ ಮನೆ ಹೊಗುವ ಗುರುಪ್ರವೇಶಕ್ಕೆ ದಿನ ಗೊತ್ತಾಯಿತು. ಮನೆಯೊಡತಿಯೇ ಕಾಲಿಡದ ಮನೆಗೆ ಎಂಥ ಗುರುಪ್ರವೇಶ? ಒಂದು ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಬಂದ.

"ಅತ್ತಿಗಿ, ಆಕಿ ಬರಲಿಲ್ಲಂದ್ರ ಈ ಮನಿ ಯಾರಿಗೆ?"

ಹಾಗೆಂದವನು ಒಲೆಯ ಮಾತು ತೆಗೆದ. ಇಂಗ್ಲೆಂಡಿನ ಆ ಮನೆಗಳಲ್ಲೂ ಮೊದಲು ಒಲೆ ಉರಿಯುತ್ತಿದ್ದುದು ನಡುಮನೆಯಲ್ಲೇ ಅಂತೆ. ಹೊಗೆ ಮನೆಯೆಲ್ಲ ಸುತ್ತಿ, ಹುಲ್ಲಿನ ಸಂದಿಯಿಂದ ಹೇಗೋ ಹೊರಗೆ ಹೋಗಬೇಕಿತ್ತಂತೆ. ಗೋಡೆಗೆ ಹೊಗೆಗೂಡು ಕಟ್ಟಿದ್ದು ಎಷ್ಟೋ ಕಾಲದ ಮೇಲಂತೆ.

"ಹಟ್ಟಿಯ ಆ ಮನ್ಯಾಗ ಕಸ ಸುಟ್ಟು ನೋಡೀನ್ರಿ. ಒಂದು ಎಳಿ ಹೊಗಿ ಒಳಗ ಬರಲಿಲ್ಲ. ಇಲ್ಲೂ ಅಂಥಾದ್ದ ಹೊಗಿಗೂಡು ಕಟ್ಟೀನಿ. ಆಕಿಗೆ ಹೇಳ್ರಿ, ಒಂದು ಸಲ ಒಲಿ ಹಚ್ಚಲಿ. ಹೊಗಿ ಬಂತಂದ್ರ ನಾನೇ ಮನಿ ಕೆಡವ್ತೀನಿ."

ಹೇಳಿದೆ. "ಕೆಡವೋದು ನೋಡಾಕಾದ್ರೂ ಬರ್ತೀನಿ, ನಡೀರಿ" ಎಂದು ಜೋಳದ ಹಿಟ್ಟು, ಒಂದು ಹಳೇ ರೊಟ್ಟಿ ಹಂಚು ಕಟ್ಟಿಕೊಂಡು ಹೊರಟಳು.

ಒಲೆ ಹಚ್ಚಿದಳು. ಮೊದಲ ಹೊಗೆ ನೇರ ನಮ್ಮ ಮುಖಕ್ಕೇ ಬಂತು!

"ಅಕ್ಕಾ, ಮನಿ ಕೆಡವೋ ಹಾರಿ ಎಲ್ಲೈತಂತ ಕೇಳ್ರಿ!"

ಅವನು ಗಾಬರಿಯಿಂದ ಓಡಿ ಬಂದು, ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ಹೊಗೆಗೂಡಿನ ಬಾಯಿಗೆ ಹಿಡಿದ. ಗೂಡು ಬಿಸಿಯಾಯಿತು. ಒಳಗಿದ್ದ ಹೊಗೆಯೆಲ್ಲ ಯಾರೋ ಸೆರಗು ಹಿಡಿದು ಎಳೆದಂತೆ ಸುರ್ರನೆ ಮೇಲೇರಿತು. ಆಮೇಲೆ ಅವನು ಒಳಗೆ ನಿಲ್ಲಲಾರದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ನೆಗೆಣ್ಣಿ ರೊಟ್ಟಿ ಬಡಿಯತೊಡಗಿದಳು. ಎರಡು ವರ್ಷದ ಹಿಂದೆ ಸಿಂಧನೂರಿನಲ್ಲಿ ಅವಳ ಕಣ್ಣಿನ ಆಪರೇಷನ್ ಆಗಿತ್ತು. ಹೊಗೆಯ ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ್ದರು. ಗ್ಯಾಸಿನ ಮೇಲಿನ ರೊಟ್ಟಿ ರೊಟ್ಟಿಯಲ್ಲ ಎಂಬ ಹಟ ಇವಳದು. ನಲವತ್ತು ವರ್ಷ ಅವಳ ಪಕ್ಕ ಕುಳಿತು ರೊಟ್ಟಿ ಮಾಡಿದ್ದೇನೆ. ಒಲೆಯ ಮುಂದೆ ಅವಳ ಮುಖಕ್ಕೆ ಯಾವಾಗಲೂ ಸೆರಗು ಅಡ್ಡ ಇರುತ್ತಿತ್ತು, ಕೆಂಪು ಕಣ್ಣು ಒರೆಸಿಕೊಳ್ಳುತ್ತಲೇ ಇರುತ್ತಿದ್ದಳು. ಬೆಂಕಿಯ ಬೆಳಕಿನಲ್ಲಿ ಅವಳ ಮುಖ ಇಡಿಯಾಗಿ ನಾನು ನೋಡಿದ್ದು ಅಂದೇ. ಚೆಲುವೆ ನಮ್ಮ ನೆಗೆಣ್ಣಿ!

ಐದು ರೊಟ್ಟಿ ಆಯಿತು, ಹತ್ತಾಯಿತು. ಕೊನೆಗೆ ಕೈಯ ಹಿಟ್ಟು ಉದುರಿಸಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು:

"ಅಕ್ಕಾ, ಆ ಹಳೇ ಮನ್ಯಾಗಿನ ನನ್ನ ರೊಟ್ಟಿ ಹಂಚು, ಹಿಟ್ಟು ನಾದೋ ಪರಾತ ತಂದುಬಿಡಾಕ ಹೇಳ್ರಿ ಅವರಿಗೆ."