ನಾನು ಸಂಶೋಧನೆಯ ಮುಖ್ಯಸ್ಥನಾದದ್ದು

ಮನುಷ್ಯನಿಗೆ ಬಡ್ತಿ ಬಂದಾಗ ಮೊದಲು ಕೈಬಿಟ್ಟು ಹೋಗುವುದು ಅವನಿಗೆ ಬರುತ್ತಿದ್ದ ಕೆಲಸ. ನನ್ನ ವಿಷಯದಲ್ಲಂತೂ ಹಾಗೇ ಆಯಿತು. ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವೆ ಇರುವ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಸೈನ್ಸ್ ಪಾಠ ಹೇಳಿದೆ. ಹುಡುಗರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಎಂದು ಬಾಗಿಲ ಬಳಿ ನಿಂತೇ ಹೇಳಿಬಿಡುತ್ತಿದ್ದೆ. ಹಾಗಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ ಎನ್ನಿ. ಆಮೇಲೆ ನನ್ನನ್ನು ಸಂಶೋಧನಾ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ತಿರುಗುವ ಕುರ್ಚಿ ಬಂತು. ಮೀಟಿಂಗು, ವರದಿ, ಸಹಿ, ಮತ್ತೆ ಮೀಟಿಂಗು. ಈಗ ಮನೆಯಲ್ಲಿ ಪ್ರಿಂಟರ್ ಕೆಟ್ಟರೆ ನನ್ನ ಹೆಂಡತಿ ನಾಗಮಂಗಲದಲ್ಲಿರುವ ತನ್ನ ತಮ್ಮನಿಗೆ ಫೋನು ಮಾಡುತ್ತಾಳೆ. ಅವನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು.

ಹೀಗಿರುವಾಗ ಹೋದ ತಿಂಗಳು ಕೆ.ಆರ್. ಪೇಟೆಯ ಮಾಕವಳ್ಳಿ ಕಡೆಯಿಂದ ನಿಂಗೇಗೌಡರು ಬಂದರು. ಅವರ ಮಗಳು ಸವಿತಾ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು ಗೌಡರು ನೇರವಾಗಿ ವಿಷಯಕ್ಕೆ ಬಂದರು.

"ಸಾ, ನಾಕು ವರ್ಸ ಆಯ್ತು, ಇನ್ನೂ ಓದ್ತಾನೇ ಅವ್ಳೆ. ಗಂಡಿನ್ ಕಡೆಯೋರು ಓದು ಬುಡ್ಸಿ ಅಂತಾವ್ರೆ. ಇವ್ಳು ಏನ್ ಮಾಡ್ತಾವ್ಳೆ ಅಂತ ನೀವೊಂದ್ಸಲ ಬುಡ್ಸಿ ಯೋಳಿ. ಸರಿ ಅನ್ನುಸುದ್ರೆ ಓದ್ಲಿ, ಇಲ್ದಿದ್ರೆ ಇವತ್ತೇ ಕರ್ಕೊಂಡೋಯ್ತೀನಿ."

ಕಬ್ಬಿನ ಗರಿಯ ಫೋಟೋ ನೋಡಿ ಕಂಪ್ಯೂಟರು ರೋಗ ಹೇಳುವ ಕೆಲಸ ಎಂಬಷ್ಟು ನನಗೆ ಗೊತ್ತಿತ್ತು. ಅದರಾಚೆಯದನ್ನು ಅವಳು ಪ್ರತಿ ತಿಂಗಳೂ ವಿವರಿಸಿದ್ದಳು, ನಾನು ಪ್ರತಿ ತಿಂಗಳೂ ತಲೆದೂಗಿದ್ದೆ. "ನೋಡಿ ಗೌಡ್ರೆ, ಇದು ಬಹುಸ್ತರದ ದತ್ತಾಂಶ ವಿಶ್ಲೇಷಣೆ" ಎಂದು ಶುರುಮಾಡಿ, ವರದಿಗಳಲ್ಲಿ ಬರೆದು ಬರೆದು ಬಾಯಿಪಾಠವಾಗಿದ್ದನ್ನೆಲ್ಲ ಐದು ನಿಮಿಷ ಒದರಿದೆ. ಗೌಡರು ಚೀಲ ಎತ್ತಿಕೊಂಡು "ನಡಿಯವ್ವ ಮನೆಗೆ" ಎಂದರು. ಸವಿತಾಳ ಮುಖ ಬಿಳಿಚಿಕೊಂಡಿತು. ನನಗೆ ನಿಜವಾಗಿಯೂ ಸಂಕಟವಾಯಿತು. ಹುಡುಗಿಯ ನಾಲ್ಕು ವರ್ಷದ ದುಡಿಮೆಯನ್ನು ನಾನು ಐದೇ ನಿಮಿಷದಲ್ಲಿ ಮುಗಿಸಿದ್ದೆ.

"ಅಪ್ಪ, ಕೂತ್ಕೊ, ನಾನೇ ಯೋಳ್ತೀನಿ" ಎಂದಳು ಸವಿತಾ. "ಕಂಪ್ಯೂಟರ್ಗೆ ಕಬ್ಬಿನ್ ರೋಗ ಕಲಿಸಕ್ಕೆ ಅಂತ ರೋಗದ್ ಗರಿ ಫೋಟೋನೆಲ್ಲ ಮೋಡದ್ ದಿನ ತೆಗ್ದಿದ್ರು, ಚೆನ್ನಾಗಿರೋ ಗರೀದ ಬಿಸ್ಲಲ್ಲಿ ತೆಗ್ದಿದ್ರು. ಕಂಪ್ಯೂಟರು ಗರಿ ನೋಡೋದ್ ಬುಟ್ಟು ಬೆಳಕು ನೋಡ್ಕೊಂಡು ಕೂತ್ಕತ್ತು. ಮೋಡ ಆದ್ರೆ ಸಾಕು, ರೋಗ ಅಂತದೆ. ಅದುಕ್ಕೆ ಗರೀನೇ ನೋಡೋದ್ ಕಲಿಸ್ತಾ ಇವ್ನಿ."

ಗೌಡರು ಕೂತರು. "ಅಂಗಾರೆ ಮೋಡದ್ ದಿನ ನಮ್ ಚೆನ್ನಾಗಿರೋ ಕಬ್ಬುನ್ನೂ ಕಿತ್ ಹಾಕುಸ್ಬುಡೋದು ಅದು."

"ಊಂ ಕಣಪ್ಪ."

"ಸರಿ, ಓದವ್ವ. ಗಂಡಿನೋರ್ಗೆ ನಾನ್ ಯೋಳ್ಕತೀನಿ."

ನಾನು ಉಸಿರು ಬಿಟ್ಟೆ. ಅದೇ ಖುಷಿಯಲ್ಲಿ ಸವಿತಾಳ ಅಚ್ಚಾದ ಲೇಖನ ತೆಗೆದು ಗೌಡರ ಕೈಗೆ ಕೊಟ್ಟೆ. ಕೆಲಸ ಮಾಡಿದವರ ಹೆಸರಿನ ಜೊತೆ ಮುಖ್ಯಸ್ಥನ ಹೆಸರೂ ಹಾಕುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಇವೆರಡು ಯಾರ ಹೆಸರು ಎಂದು ಅವರು ಕೇಳಿದಾಗ, "ಒಂದು ಸವಿತಾಳದು, ಇನ್ನೊಂದು ನನ್ನದು" ಎಂದೆ, ಹೆಮ್ಮೆಯಿಂದಲೇ.

ಗೌಡರು ಲೇಖನ ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಮೆತ್ತಗಾಯಿತು. ಮಗಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಪಾಪ, ಈ ವಯಸ್ನಲ್ಲೂ ನಿನ್ ಜೊತೇಲಿ ಕಲೀತಾವ್ರೆ. ವಸಿ ನಿಧಾನುಕ್ಕೆ ಯೋಳ್ಕೊಡವ್ವ" ಎಂದರು.

ಸವಿತಾ ನೆಲ ನೋಡಿದಳು. ನಾನು ಗೌಡರನ್ನು ತಿದ್ದಲು ಹೋಗಲಿಲ್ಲ. ಅಪ್ಪನನ್ನು ಬಸ್ಸು ಹತ್ತಿಸಿ ಬಂದ ಸವಿತಾಳಿಗೆ ಎದುರಿನ ಕುರ್ಚಿ ತೋರಿಸಿದೆ. ಹಾಳೆ, ಪೆನ್ನು ತೆಗೆದುಕೊಂಡು, "ಆ ಮೋಡದ ವಿಷಯ ಮೊದಲಿಂದ ಹೇಳಮ್ಮ" ಎಂದೆ.