ಹಾರ್ನ್ ಹಾಕಿದ ರೊಟ್ಟಿ ಯಂತ್ರ

ಶಿಕಾರಿಪುರದಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ಡು. ಅದರ ಹಿಂದೆಯೇ ಮನೆ. ಇಂಜಿನಿಯರಿಂಗ್ ಓದುವವರು ಪ್ರತಿ ವರ್ಷ ಗುಂಪು ಕಟ್ಟಿಕೊಂಡು ಪ್ರಾಜೆಕ್ಟ್ ಮಾಡಲು ಬರುತ್ತಾರೆ. ಅವರು ಬಂದ ಮೇಲೆ ಏನೂ ಆಗದೆ ವರ್ಷ ಕಳೆದದ್ದಿಲ್ಲ. ಹೋದ ವರ್ಷ ಬಂದ ನಾಲ್ವರದ್ದು ಬರೆಯುತ್ತೇನೆ. ಮೂರು ಹುಡುಗರು, ಒಬ್ಬಳು ಹುಡುಗಿ.

೧. ಅಳತೆ

ಅಕ್ಕಿ ರೊಟ್ಟಿ ಒತ್ತುವ ಯಂತ್ರ ಮಾಡುವುದು ಅವರ ಪ್ರಾಜೆಕ್ಟು. ಯಂತ್ರ ಯಾರಿಗೋ ಅವರನ್ನೇ ಕೇಳಿ ಮಾಡಿ ಎಂದು ಕಾಲೇಜಿನ ಸರ್ ಹೇಳಿದ್ದರಂತೆ. ನನ್ನ ಹೆಂಡತಿಯನ್ನು ಕೇಳಿದರು. ಅವಳು ಸೊರಬದ ಕಡೆ ಜಡೆ ಅನ್ನುವ ಊರಿನವಳು. ರೊಟ್ಟಿ ತಟ್ಟಿ ತಟ್ಟಿ ಕೈ ನೋವು ಬಂದಿತ್ತು. ಆಗಲಿ ಅಂದಳು.

ಅವಳ ಎತ್ತರ ಅಳೆದರು, ತೋಳು ಅಳೆದರು. ಅವಳು ಗಿಡ್ಡ. ಯಂತ್ರದ ಕಾಲೂ ಗಿಡ್ಡ ಆಯಿತು. ಆಮೇಲೆ ರೊಟ್ಟಿ ಎಷ್ಟು ದಪ್ಪ ಎಂದು ಅಳೆಯಬೇಕಿತ್ತು. ಅವಳು ಬೇಯಿಸಿ ಹಾಕಿದಳು. ಅಳೆಯುವ ಮೊದಲೇ ತಿಂದರು. ಮತ್ತೆ ಹಾಕಿದಳು. ಮತ್ತೆ ತಿಂದರು. ಕೊನೆಗೆ ಒಂದು ರೊಟ್ಟಿಗೆ ಒಬ್ಬ ಹುಡುಗನನ್ನು ಕಾವಲು ಕೂರಿಸಿದರು. ಅಳೆಯುವ ಸಾಮಾನು ತರುವಷ್ಟರಲ್ಲಿ ಕಾವಲಿನವನೇ ತಿಂದಿದ್ದ.

"ಅಳತೆ ಒಳಗೆ ಹೋಗೈತೆ. ಇನ್ನು ಇವನ ಹೊಟ್ಟೆನೇ ಅಳೀರಿ," ಅಂದಳು ನನ್ನ ಹೆಂಡತಿ.

೨. ಹೇಳಿದ್ದೆಲ್ಲ ಮಾಡಿದ್ದು

ಯಂತ್ರ ಬಳಸುವವರು ಏನು ಕೇಳಿದರೂ ಬಿಡಬಾರದು, ಎಲ್ಲವನ್ನೂ ಮಾಡಿಕೊಡಬೇಕು ಎಂಬುದೂ ಅವರ ಸರ್ ಮಾತೇ. ಹುಡುಗಿ ಕೇಳಿದಳು, ಮತ್ತೇನು ಇರಬೇಕು ಆಂಟಿ ಅಂತ. ತೊಳೆಯಲು ಸುಲಭ ಇರಲಿ ಅಂದಳು ನನ್ನ ಹೆಂಡತಿ. ಮತ್ತೇನು ಅಂದರು.

"ನಮ್ಮನೆಯವರಿಗೆ ಆ ಶೆಡ್ಡಿನ ಗ್ರೈಂಡರ್ ಸದ್ದಲ್ಲಿ ಕರೆದದ್ದು ಕೇಳಲ್ಲ. ರೊಟ್ಟಿ ಆಯ್ತು ಬರ್ರೀ ಅಂತ ಯಂತ್ರನೇ ಕೂಗಿದ್ರೆ ಒಳ್ಳೇದು. ಮೂರು ಸಲ ಕೂಗಬೇಕು. ಬಿಟ್ಟು ಬಿಟ್ಟು ಕೂಗಬೇಕು, ಇಲ್ಲಾಂದ್ರೆ ಸಿಟ್ಟು ಬರ್ತದೆ ಅವರಿಗೆ."

ಅವಳು ತಮಾಷೆಗೆ ಅಂದದ್ದು. ಮುಂದಿನ ವಾರ ಅವರು ಹಳೇ ಬೈಕಿನ ಹಾರ್ನ್ ತಂದರು. ಹಿಡಿ ಪೂರ್ತಿ ಕೆಳಗೆ ಬಂದರೆ ಮೂರು ಸಲ ಕೂಗುವಂತೆ, ಒಂದೊಂದು ನಿಮಿಷ ಬಿಟ್ಟು ಕೂಗುವಂತೆ ಮಾಡಿದರು. ಮೊದಲ ದಿನ ಕೂಗಿದಾಗ ಎದುರು ಮನೆಯವರು ತಮ್ಮ ಬೈಕನ್ನು ದಾರಿಯಿಂದ ಸರಿಸಿದರು.

೩. ಜೋಡಿ

ಕೆಲಸ ಹಂಚಿಕೊಂಡಿದ್ದರು. ಮೇಲಿನ ತಟ್ಟೆ ಒಬ್ಬ ಸೊರಬದಲ್ಲಿ ಮಾಡಿಸಿದ. ಕೆಳಗಿನದ್ದು ಇನ್ನೊಬ್ಬ ಇಲ್ಲಿ ಮಾಡಿಸಿದ. ಇಬ್ಬರೂ ಫೋನಿನಲ್ಲಿ "ಸರಿ ಐತೆ, ಸರಿ ಐತೆ" ಅಂದುಕೊಂಡಿದ್ದರು. ನನ್ನ ಶೆಡ್ಡಿನಲ್ಲಿ ಎರಡೂ ಸೇರಿದವು. ಕೆಳಗಿನದ್ದು ರೊಟ್ಟಿ ಹೆಂಚಿನಷ್ಟು, ಮೇಲಿನದ್ದು ಚಹಾದ ಸಾಸರಿನಷ್ಟು.

ಇಬ್ಬರಿಗೂ ಜಗಳ ಹತ್ತಿತು. ನ್ಯಾಯ ಹೇಳಲು ನನ್ನ ಹೆಂಡತಿಯನ್ನು ಕರೆದರು. ಅವಳು ಎರಡೂ ತಟ್ಟೆ ನೋಡಿದಳು. ನನ್ನನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಕೂಡಿಸಿ ಇಡ್ರಿ. ನಮ್ಮದೂ ಹಿಂಗೇ ಇತ್ತು," ಅಂದಳು.

೪. ಬರ್ತೀವಿ

ಯಂತ್ರ ಮುಗಿಯುವ ಮೊದಲೇ ನನ್ನ ಹೆಂಡತಿ ಹೋದಳು. ಎದೆ ನೋವು ಅಂದಳು. ಆಸ್ಪತ್ರೆ ಮುಟ್ಟಲಿಲ್ಲ.

ನಾಲ್ವರೂ ಮಾತಾಡಿಸಲು ಬಂದರು. ಹೇಳಲೋ ಬೇಡವೋ ಅಂದುಕೊಂಡು ಕೊನೆಗೆ ಹುಡುಗಿ ಹೇಳಿದಳು. ಹಾರ್ನ್ ತೆಗೆಯಿರಿ, ರೊಟ್ಟಿ ಯಂತ್ರಕ್ಕೆ ಹಾರ್ನ್ ಕಂಡರೆ ಪರೀಕ್ಷೆ ಮಾಡಲು ಬರುವವರು ಮಾರ್ಕ್ಸ್ ಕಟ್ ಮಾಡುತ್ತಾರೆ ಎಂದು ಅವರ ಸರ್ ಅಂದಿದ್ದಾರಂತೆ. ಯಂತ್ರದ ಕಾಲೂ ನಿಮ್ಮ ಎತ್ತರಕ್ಕೆ ಏರಿಸಲಾ ಅಂತ ಕೇಳಿದಳು.

"ಎರಡೂ ಹಂಗೇ ಇರಲಿ," ಅಂದೆ. ಅವರ ಮಾರ್ಕ್ಸಿನ ಮಾತು ಆಮೇಲೆ ನೆನಪಾಯಿತು. ಆದರೆ ಅವರು ಮತ್ತೆ ಕೇಳಲಿಲ್ಲ.

ಸಾವಿನ ಮನೆಯಿಂದ ಹೊರಡುವಾಗ ಬರ್ತೀವಿ ಅನ್ನಬಾರದು. ರೊಟ್ಟಿ ಕಾವಲಿನ ಹುಡುಗ "ಬರ್ತೀವಿ ಅಣ್ಣ" ಅಂದುಬಿಟ್ಟ. ಹುಡುಗಿ ಚಿವುಟಿದಳು. "ಬರಲ್ಲ ಅಣ್ಣ" ಅಂದ. ಅದೂ ಸರಿ ಕಾಣಲಿಲ್ಲವೇನೋ, ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ತೂತು ಕೊರೆಯೋದು ಬಾಕಿ ಐತೆ ಅಣ್ಣ. ಅದಕ್ಕೆ ಮಾತ್ರ ಬರ್ತೀವಿ."

ಅವಳು ಹೋದ ಮೇಲೆ ನಾನು ಮೊದಲು ನಕ್ಕಿದ್ದು ಅವತ್ತು.

೫. ಪರೀಕ್ಷೆ

ಯಂತ್ರವನ್ನು ಗಾಡಿಯಲ್ಲಿ ಕಾಲೇಜಿಗೆ ಒಯ್ದೆವು. ನಾನು ಹೊರಗೆ ಕಿಟಕಿ ಪಕ್ಕ ಮರದ ನೆರಳಲ್ಲಿ ಕೂತೆ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ. ಕಣ್ಣು ಎಳೆಯುತ್ತಿತ್ತು.

ಬೇರೆ ಊರಿಂದ ಪರೀಕ್ಷೆ ಮಾಡಲು ಬಂದವರು ವಯಸ್ಸಿನಲ್ಲಿ ದೊಡ್ಡವರು. ಕಾಲು ಯಾಕೆ ಇಷ್ಟು ಗಿಡ್ಡ ಅಂದರು. ಹುಡುಗಿ ಏನೋ ಹೇಳಿದಳು. "ರೊಟ್ಟಿ ಒತ್ತೋಕೆ ಹಾರ್ನ್ ಯಾಕ್ರೀ?" ಅಂದರು. ರೊಟ್ಟಿ ಕಾವಲಿನ ಹುಡುಗ ಹಿಡಿಗೆ ಕೈ ಹಾಕಿದ. ಸರಿ, ಒತ್ತಿ ತೋರಿಸಿ ಅಂದರು.

ಹಾರ್ನ್ ಕೂಗಿತು.

ನಾನು ಎದ್ದೆ. ಅಲ್ಲೇ ನಲ್ಲಿ ಇತ್ತು, ಕೈ ತೊಳೆದೆ. ಚಪ್ಪಲಿ ಬಿಟ್ಟೆ. ಎರಡನೇ ಸಲ ಕೂಗಿತು. "ಬಂದೆ, ಬಂದೆ" ಅಂತ ಒಳಗೆ ಹೋದೆ. ಗೋಡೆಗೆ ಒರಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕೂತ ಮೇಲೆ ನೋಡಿದರೆ ಸುತ್ತ ಎಲ್ಲರೂ ಬೂಟು ಹಾಕಿ ನಿಂತಿದ್ದಾರೆ.

"ಯಾರು ಇವರು?"

"ಹಾರ್ನ್ ಇವರಿಗೇ ಸರ್," ಅಂದಳು ಹುಡುಗಿ.

ದೊಡ್ಡವರು ನನ್ನ ಒದ್ದೆ ಕೈ ನೋಡಿದರು. ಯಂತ್ರದ ಗಿಡ್ಡ ಕಾಲು ನೋಡಿದರು.

"ಕೆಲಸ ಮಾಡ್ತದೆ. ಇದಕ್ಕೆ ಮಾರ್ಕ್ಸ್ ಕಟ್ ಮಾಡೋಕೆ ಬರಲ್ಲ," ಅಂದರು.

ಅಷ್ಟರಲ್ಲಿ ಮೂರನೇ ಸಲ ಕೂಗಿತು.

"ಕೂತಾಯ್ತಲ್ಲ ಮಾರಾಯ್ತಿ, ಹಾಕು," ಅಂದೆ.