ಗಾಳಿಯಲ್ಲಿ ಹೊಲಿಗೆ

ಸುಮಿತಾಳ ಗಂಡ ಗಿರಿಯ ತಿಥಿ ಮುಗಿದ ಮರುದಿನ ಅಳಲು ಯಾರೂ ಬರಲಿಲ್ಲ. ಎಸ್ಟೇಟ್ ಲೈನ್‌ಮನೆಗಳ ಸಾಲಿನಲ್ಲಿ ಪಕ್ಕದ ಮನೆಯ ಲಿಂಗಮ್ಮ ಮಾತ್ರ ಕಾಫಿಗೆ ಬಂದಳು.

"ತಿಂಗಳ ಕೊನೆಗೆ ನೀನು ಮನೆ ಬಿಡ್ಬೇಕಂತೆ, ಎಸ್ಟೇಟ್ ರೈಟರ್ ಹೇಳಿದ್ರು. ಗಿರಿ ಜಾಗಕ್ಕೆ ಬರೋನಿಗೆ ಕೊಡ್ತಾರಂತೆ," ಎಂದಳು ಲೋಟ ಕೆಳಗಿಡದೆ. "ಹೊಲಿಗೆ ಕಲಿ ಮಗಳೇ. ಸಿದ್ದಾಪುರದ ಟೈಲರ್ ಅಂಗಡೀಲಿ ರವಿಕೆ ಹೊಲಿಯೋರು ಬೇಕಂತೆ, ಇರೋಕೆ ರೂಮೂ ಕೊಡ್ತಾರಂತೆ. ಸುಂಟಿಕೊಪ್ಪದಲ್ಲಿ ನಮ್ಮಂಥೋರಿಗೇ ಅಂತ ಟ್ರೈನಿಂಗ್ ನಡೀತಿದೆ."

ಸುಮಿತಾ ಹೋದಳು. ತರಬೇತಿ ಕೇಂದ್ರದ ಬ್ಯಾನರ್ ಕೋಣೆಗಿಂತ ದೊಡ್ಡದಿತ್ತು. ಒಳಗೆ ಎಸ್ಟೇಟಿನ ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತು, ಕಾಲು ಕುಣಿಸುತ್ತ, ಇಲ್ಲದ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಎಲ್ಲರಿಗೂ ಒಟ್ಟಿಗೇ ದೆವ್ವ ಮೆಟ್ಟಿದಂತಿತ್ತು.

"ಜವರೀ, ನಿಧಾನ! ದಾರ ಕಿತ್ತೋಗುತ್ತೆ!" ಎಂದು ಟೀಚರ್ ರಂಜಿತಾ ಗದರಿದಳು.

ಜವರಿ ನಿಲ್ಲಿಸಿ, ಇಲ್ಲದ ದಾರಕ್ಕೆ ಎಂಜಲು ಹಚ್ಚಿ, ಇಲ್ಲದ ಸೂಜಿಗೆ ಪೋಣಿಸಿದಳು.

"ಮಿಷನ್ ಎಲ್ಲಿ ಸಾರ್?" ಎಂದು ಸುಮಿತಾ ಕೇಂದ್ರದ ಮುಖ್ಯಸ್ಥ ಶಿವಪ್ರಕಾಶನನ್ನು ಕೇಳಿದಳು.

"ಇದ್ದಿದ್ದೇ ಒಂದು. ನಿಮ್ಮ ಯಜಮಾನ್ರೇ ರಿಪೇರಿಗೆ ಒಯ್ದಿದ್ದು. ತಂದ್ಕೊಡಿ, ನೀವೂ ಕಲೀಬಹುದು."

ರಂಜಿತಾ ಜೋರಾಗಿ ಕೆಮ್ಮಿದಳು. ಸುಮಿತಾ ಗಮನಿಸಲಿಲ್ಲ.

ಗಿರಿ ಕೆಲಸ ಮಾಡುತ್ತಿದ್ದ ಪಂಪ್‌ಹೌಸಿನಲ್ಲಿ, ಗೋಣಿಚೀಲದ ಅಡಿಯಲ್ಲಿ ಮಿಷನ್ ಸಿಕ್ಕಿತು. ಎಣ್ಣೆ ಹಾಕಿ, ಹೊಸ ಬೆಲ್ಟ್ ಕೂರಿಸಿಟ್ಟಿದ್ದ. ಬೆರಳು ತಾಗಿಸಿದರೆ ಸಾಕು, ಚಕ್ರ ಓಡುತ್ತಿತ್ತು. ಅವಳು ಒಮ್ಮೆ ಓಡಿಸಿದಳು. ಮತ್ತೊಮ್ಮೆ ಓಡಿಸಲಿಲ್ಲ.

ಬಾಡಿಗೆ ಜೀಪಿನ ರಾಜು ಅದನ್ನು ಜೀಪಿಗೇರಿಸುತ್ತ ಏದುಸಿರು ಬಿಟ್ಟ. "ಮೊನ್ನೆ ಗಿರಿಯಣ್ಣನ್ನ ಎತ್ತಿದ್ದೇ ಇದಕ್ಕಿಂತ ಸುಲಭ ಇತ್ತಕ್ಕಾ." ದಾರಿಯುದ್ದಕ್ಕೂ ಕೈತೋರಿಸಿದವರನ್ನೆಲ್ಲ ಹತ್ತಿಸಿಕೊಂಡ. ಸುಂಟಿಕೊಪ್ಪ ತಲುಪುವಾಗ ಮಿಷನ್ನಿನ ಅರ್ಧ ಭಾರ ಸುಮಿತಾಳ ತೊಡೆಯ ಮೇಲಿತ್ತು.

ಶಿವಪ್ರಕಾಶ ಮಿಷನ್ನಿಗೆ ಹಾರ ಹಾಕಿದ. ಸುಮಿತಾಳನ್ನು ಪಕ್ಕದಲ್ಲಿ ನಿಲ್ಲಿಸಿ, "ಸ್ವಲ್ಪ ನಗಿ" ಎಂದು ಫೋಟೋ ತೆಗೆಸಿದ. ಆಮೇಲೆ ಮಿಷನ್ನನ್ನು ಹಿಂದಿನ ಕೋಣೆಗೆ ತಳ್ಳಿಸಿ ಬೀಗ ಜಡಿದ.

"ಕಲಿಯೋದು, ಸಾರ್?"

"ಕಲಿಯೋರ ಕೈಗೆ ಕೊಟ್ರೆ ಕೆಟ್ಟೋಗುತ್ತಮ್ಮ. ನಾಳೆ ಮೇಲಿನೋರು ಬಂದ್ರೆ ಏನು ತೋರ್ಸೋದು?"

ಅವನು ಅತ್ತ ಹೋದದ್ದೇ ರಂಜಿತಾ ಸುಮಿತಾಳ ತೋಳು ಹಿಡಿದಳು. "ಅಷ್ಟು ಕೆಮ್ಮಿದೆನಲ್ಲೇ! ಗಿರಿ ರಿಪೇರಿ ಅಂತ ಸಾರ್‌ಗೆ ಹೇಳಿದ್ದಷ್ಟೆ. ಹೆಂಡ್ತಿ ಮನೇಲೇ ಕಲೀಲಿ ಅಂತ ನನ್ನತ್ರ ಕೇಳಿ ಒಯ್ದಿದ್ದ. ಅದನ್ನ ಇಲ್ಲಿ ಯಾರು ಹುಡುಕ್ತಿದ್ರು? ಯಾಕೆ ತಂದೆ?"

ಸುಮಿತಾ ಬೀಗ ನೋಡಿದಳು.

ಜವರಿ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು. "ಕೂತ್ಕೊಳಕ್ಕಾ. ಮೊದ್ಲು ಕಾಲು."